ಹಳೆ ಎಂಜಿಬಿ: ಮೊದಲು ಅರ್ತ್ ನೋಡಿ

ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತ ಎಂಜಿಬಿ ಸ್ಪೋರ್ಟ್ಸ್ ಕಾರು. ಒಂದು ಹೆಡ್‌ಲೈಟ್ ಮಂಕು. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿನುಗುತ್ತದೆ. ವೈರಿಂಗ್ ಪೂರ್ತಿ ಕೀಳಬೇಡಿ! ಮೊದಲ ಅನುಮಾನ ಅರ್ತ್ ಮೇಲಿರಲಿ, ಅಂದರೆ ಕಾರಿನ ಬಾಡಿಯ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿಯ ಮೇಲೆ.

1962ರಲ್ಲಿ ಬಂದ ಈ ಇಂಗ್ಲಿಷ್ ಕಾರಿನಲ್ಲಿ 1967ರವರೆಗೆ ಲೋಹದ ಬಾಡಿಗೆ ಸೇರುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್ ತುದಿ, ಆಮೇಲೆ ನೆಗೆಟಿವ್. ನಿಮ್ಮದು ಯಾವುದೆಂದು ನೋಡಿಕೊಳ್ಳಿ; ಅದೇ ಅರ್ತ್ ತುದಿ.

ಬಣ್ಣ ನೆನಪಿಡಿ. ಕಂದು ವೈರಿನಲ್ಲಿ ಸದಾ ಕರೆಂಟು. ಬಿಳಿಯಲ್ಲಿ ಕೀ ತಿರುಗಿಸಿದಾಗ ಮಾತ್ರ. ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ ಹಸಿರು. ಕಪ್ಪು, ಅರ್ತ್.

ಈಗ ಲೈಟ್ ಹಾಕಿ. ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಪ್ರೋಬ್ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಲೈಟಿನ ಕಪ್ಪು ವೈರಿಗೆ. ಸೊನ್ನೆಯ ಹತ್ತಿರವಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ತುಕ್ಕೋ ಸಡಿಲ ಕನೆಕ್ಟರೋ ಇದೆ.

ಬ್ಯಾಟರಿ ಕಳಚಿ, ಅರ್ತ್ ಜಾಗವನ್ನು ಎಮರಿ ಪೇಪರಿನಿಂದ ಉಜ್ಜಿ, ಬಿಗಿ ಮಾಡಿ, ಮತ್ತೆ ಅಳೆಯಿರಿ. ಹೊಸ ಸಾಮಾನಿಗೆ ದುಡ್ಡು ಹಾಕುವುದು ಆಮೇಲೆ!