ಉದ್ಯೋಗ ಕಾನೂನಿನ ಬ್ಯಾರಿಸ್ಟರ್: ನಾವು ನಂಬಿದ್ದು, ಅಲ್ಲಿ ನಡೆಯುವುದು

ಬ್ಯಾರಿಸ್ಟರ್ ಎಂದ ಕೂಡಲೇ ನಮಗೆ ನೆನಪಾಗುವುದು ಗಾಂಧೀಜಿ ಮತ್ತು ಅಂಬೇಡ್ಕರ್. ಲಂಡನ್ನಿನಲ್ಲಿ ಅವರು ಇನ್ನರ್ ಟೆಂಪಲ್ಲಿನವರು, ಇವರು ಗ್ರೇಸ್ ಇನ್ನಿನವರು. ಭಾರತದಲ್ಲಿ 1961ರ ವಕೀಲರ ಕಾಯ್ದೆ ಬಂದ ಮೇಲೆ ಬ್ಯಾರಿಸ್ಟರ್ ಮತ್ತು ಇತರ ವಕೀಲರ ನಡುವಿನ ಭೇದ ಅಳಿಸಿಹೋಯಿತು. ಹಾಗಾಗಿ ಇಂದಿನ ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಏನು ಕೆಲಸ ಮಾಡುತ್ತಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾದಲ್ಲಿ ಕಂಡಷ್ಟೇ ಗೊತ್ತು. ಆದರೆ ಇದು ನಮಗೆ ಸಂಬಂಧವಿಲ್ಲದ ವಿಷಯವಲ್ಲ. ಅಲ್ಲಿನ ಐಟಿ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಕನ್ನಡಿಗರು ದುಡಿಯುತ್ತಿದ್ದಾರೆ. ಕೆಲಸ ಹೋದಾಗ ಅವರು ಮೊದಲು ಕೇಳುವುದು ಗೆಳೆಯರನ್ನು. ಆ ಗೆಳೆಯರ ಸಲಹೆಯಲ್ಲಿ ಊರಿನ ಲೇಬರ್ ಕೋರ್ಟಿನ ನೆನಪು ಸ್ವಲ್ಪ, ಯಾರೋ ಹೇಳಿದ್ದು ಸ್ವಲ್ಪ ಬೆರೆತಿರುತ್ತದೆ. ಅದನ್ನು ನಂಬಿ ಗೆಲ್ಲಬಹುದಾದ ಪ್ರಕರಣವನ್ನೂ ಕಳೆದುಕೊಳ್ಳುವವರಿದ್ದಾರೆ ಎಂಬುದೇ ನನ್ನನ್ನು ಇದನ್ನು ಬರೆಯುವಂತೆ ಮಾಡಿದೆ.

ಬಿಳಿ ಕೂದಲಿನ ವಿಗ್, ಕಪ್ಪು ಗೌನು, ಮೇಜು ಗುದ್ದಿ ಮಾಡುವ ವಾದ: ಇದು ಮೊದಲ ತಪ್ಪು ಕಲ್ಪನೆ. ಉದ್ಯೋಗದ ವ್ಯಾಜ್ಯಗಳು ನಡೆಯುವ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ನಲ್ಲಿ ವಿಗ್ಗೂ ಇಲ್ಲ, ಗೌನೂ ಇಲ್ಲ. ಈ ನ್ಯಾಯಮಂಡಳಿ ಹುಟ್ಟಿದ್ದು 1964ರಲ್ಲಿ, ಕೈಗಾರಿಕಾ ತರಬೇತಿಯ ತೆರಿಗೆ ಕುರಿತ ಮೇಲ್ಮನವಿ ಕೇಳಲೆಂದು. ಅನ್ಯಾಯದ ವಜಾ ಎಂಬ ಹಕ್ಕು 1971ರ ಕಾಯ್ದೆಯಿಂದ ಬಂತು. ಅಲ್ಲಿಂದ ಮುಂದೆ ಇದು ಸಾಮಾನ್ಯ ಉದ್ಯೋಗಿಗಳ ಕಟ್ಟೆಯಾಯಿತು. ಸಾಧಾರಣ ಸಭಾಕೊಠಡಿಯಂಥ ಜಾಗ, ಕೂತೇ ಮಾತಾಡುವ ವಕೀಲರು, ‘ಜಡ್ಜ್’ ಎಂದು ಕರೆದರೆ ಸಾಕೆನ್ನುವ ನ್ಯಾಯಾಧೀಶರು. ಸಾಕ್ಷಿಯ ಲಿಖಿತ ಹೇಳಿಕೆಯನ್ನು ಅವರು ಮೊದಲೇ ಓದಿಕೊಂಡು ಬಂದಿರುತ್ತಾರೆ. ಕಥೆಯನ್ನು ಮೊದಲಿಂದ ಹೇಳುವ ಅವಕಾಶ ಸಿಗುತ್ತದೆಂದು ಕಾದಿದ್ದವರಿಗೆ ನಿರಾಸೆಯಾಗುತ್ತದೆ. ಕಲಾಪ ಶುರುವಾಗುವುದೇ ಪಾಟೀಸವಾಲಿನಿಂದ. ಬ್ಯಾರಿಸ್ಟರ್‌ನ ಬಹುಪಾಲು ದುಡಿಮೆ ಅದಕ್ಕೂ ಮೊದಲು ಮೇಜಿನ ಮುಂದೆ ಮುಗಿದಿರುತ್ತದೆ: ತೀರ್ಮಾನವಾಗಬೇಕಾದ ಪ್ರಶ್ನೆಗಳು ಯಾವುವು, ಯಾವ ದಿನ ಏನಾಯಿತು, ಎಷ್ಟು ನಷ್ಟವಾಯಿತು ಎಂಬ ಮೂರು ಪಟ್ಟಿ. ಈ ಮೂರು ಸರಿಯಿದ್ದರೆ ವಾದ ಅರ್ಧ ಗೆದ್ದಂತೆ.

‘ನನಗೆ ಅನ್ಯಾಯವಾಗಿದೆ, ಆದ್ದರಿಂದ ನಾನು ಗೆಲ್ಲುತ್ತೇನೆ’ ಎಂಬ ನಂಬಿಕೆಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಅತಿ ಹೆಚ್ಚು ನೋವು ಕೊಡುವುದು ಇದೇ.

ಮೊದಲನೆಯದಾಗಿ, 2012ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದವರು ಸಾಮಾನ್ಯ ಅನ್ಯಾಯದ ವಜಾದ ದೂರು ಕೊಡಲು ಎರಡು ವರ್ಷ ಸೇವೆ ಮಾಡಿರಬೇಕು. 2025ರ ಹೊಸ ಉದ್ಯೋಗ ಹಕ್ಕುಗಳ ಕಾಯ್ದೆ ಇದನ್ನು 2027ರ ಜನವರಿಯಿಂದ ಆರು ತಿಂಗಳಿಗೆ ಇಳಿಸುತ್ತದೆ. ಗರ್ಭಿಣಿ ಎಂಬ ಕಾರಣಕ್ಕೆ, ಅಕ್ರಮ ಬಯಲಿಗೆಳೆದದ್ದಕ್ಕೆ, ಯೂನಿಯನ್ ಸೇರಿದ್ದಕ್ಕೆ ತೆಗೆದರೆ ಈ ಕಾಯುವಿಕೆ ಬೇಕಿಲ್ಲ. ಮೊದಲ ದಿನದಿಂದಲೇ ರಕ್ಷಣೆ ಇದೆ. ತಾರತಮ್ಯದ ವಿರುದ್ಧವಂತೂ ಕೆಲಸಕ್ಕೆ ಅರ್ಜಿ ಹಾಕಿದ ಹಂತದಿಂದಲೇ ಇದೆ.

ಎರಡನೆಯದು ಇನ್ನೂ ಸೂಕ್ಷ್ಮ. ‘ನಾನಾಗಿದ್ದರೆ ಇವರನ್ನು ತೆಗೆಯುತ್ತಿದ್ದೆನೇ?’ ಎಂದು ನ್ಯಾಯಾಧೀಶರು ತಮ್ಮನ್ನು ತಾವು ಕೇಳಿಕೊಳ್ಳುವಂತಿಲ್ಲ. ವಿವೇಕವಿರುವ ಮಾಲೀಕರೊಬ್ಬರು ತೆಗೆದುಕೊಳ್ಳಬಹುದಾಗಿದ್ದ ನಿರ್ಧಾರಗಳ ವ್ಯಾಪ್ತಿಯೊಳಗೆ ಇದು ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. 1982ರ ಐಸ್‌ಲ್ಯಾಂಡ್ ಫ್ರೋಜನ್ ಫುಡ್ಸ್ ತೀರ್ಪು ಇದನ್ನು ನೆಲೆಗೊಳಿಸಿತು. ಕಳವಿನ ಆರೋಪದ ಮೇಲೆ ತೆಗೆದಿದ್ದರೆ, ನೀವು ನಿಜಕ್ಕೂ ಕದ್ದಿರಾ ಎಂಬುದು ಮುಖ್ಯ ಪ್ರಶ್ನೆಯಲ್ಲ. ಮಾಲೀಕರು ಪ್ರಾಮಾಣಿಕವಾಗಿ ಹಾಗೆ ನಂಬಿದ್ದರೇ, ನಂಬಲು ಆಧಾರವಿತ್ತೇ, ತಕ್ಕಮಟ್ಟಿಗೆ ತನಿಖೆ ಮಾಡಿದ್ದರೇ? 1978ರ ಬರ್ಚೆಲ್ ಪ್ರಕರಣದಿಂದ ಬಂದ ಈ ಮೂರು ಪ್ರಶ್ನೆ ಇಂದಿಗೂ ಬಳಕೆಯಲ್ಲಿವೆ. ಅಂದರೆ ಏನೂ ತಪ್ಪು ಮಾಡದವರೂ ಸೋಲಬಹುದು. ಇದು ಕಠಿಣ ಎಂದೇ ನನ್ನ ಅನಿಸಿಕೆ. ಆದರೆ ಕಾನೂನು ಹೀಗಿದೆ ಎಂದು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ಹೇಳುವ ಬ್ಯಾರಿಸ್ಟರ್ ಒಳ್ಳೆಯ ಬ್ಯಾರಿಸ್ಟರ್.

ಹಾಗಾದರೆ ಗೆಲ್ಲುವುದು ಹೇಗೆ? ವಿಧಾನದ ಲೋಪದಲ್ಲಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನರ್ಸ್ ಒಬ್ಬರಿಗೆ ಸಂಜೆ 4.50ಕ್ಕೆ ಇಮೇಲ್ ಬರುತ್ತದೆ: ನಾಳೆ ಬೆಳಗ್ಗೆ 10ಕ್ಕೆ ಶಿಸ್ತು ವಿಚಾರಣೆ. ವಿಚಾರಣೆ ಮುಗಿದು ಅರ್ಧ ಗಂಟೆಯೊಳಗೆ ಎರಡು ಪುಟದ ವಜಾ ಪತ್ರ ಕೈಸೇರುತ್ತದೆ. ಆ ಪತ್ರದ ಕಂಪ್ಯೂಟರ್ ಕಡತವನ್ನು ತೆರೆದದ್ದು ಹಿಂದಿನ ದಿನ ಮಧ್ಯಾಹ್ನ ಎಂದು ದಾಖಲೆ ಹೇಳುತ್ತದೆ. ವಜಾ ಮಾಡಿದ ಮ್ಯಾನೇಜರನ್ನು ಪ್ರಶ್ನಿಸುವಾಗ ಬ್ಯಾರಿಸ್ಟರ್ ದನಿ ಎತ್ತುವುದಿಲ್ಲ. ‘ಈ ಪತ್ರ ಬರೆದವರು ನೀವೇ ಅಲ್ಲವೇ?’ ‘ಹೌದು.’ ‘ವಿಚಾರಣೆಯಲ್ಲಿ ಅವರ ಮಾತು ಕೇಳಿದ ಮೇಲೆ ನಿರ್ಧಾರಕ್ಕೆ ಬಂದಿರಿ ಎಂದು ಹೇಳಿಕೆಯಲ್ಲಿ ಬರೆದಿದ್ದೀರಿ.’ ‘ಹೌದು.’ ‘ಪುಟ 214 ನೋಡಿ. ಕಡತ ತೆರೆದ ದಿನಾಂಕ ಓದುತ್ತೀರಾ?’ ಇಷ್ಟೇ. ಮ್ಯಾನೇಜರ್ ಸುಳ್ಳುಗಾರ ಎಂದು ಯಾರೂ ಹೇಳಲಿಲ್ಲ. ಪ್ರಾಮಾಣಿಕ ನಂಬಿಕೆ, ತಕ್ಕ ತನಿಖೆ ಎರಡೂ ಆ ಒಂದು ಪುಟದಲ್ಲಿ ಕುಸಿದವು. ಆ ಪುಟವನ್ನು ನೂರಾರು ಪುಟಗಳ ಕಡತದಲ್ಲಿ ಹುಡುಕಿ ತೆಗೆಯುವುದು, ಯಾವ ಪ್ರಶ್ನೆಯ ನಂತರ ಅದನ್ನು ತೋರಿಸಬೇಕೆಂದು ತಿಳಿದಿರುವುದು: ಇದು ಈ ವೃತ್ತಿಯ ನಿಜವಾದ ಕುಶಲತೆ.

ಇಲ್ಲಿಯೂ ಒಂದು ತೊಡಕಿದೆ. ವಿಧಾನ ಸರಿಯಿದ್ದರೂ ಕೊನೆಗೆ ತೆಗೆಯುತ್ತಿದ್ದರು ಎಂದು ಕಂಡುಬಂದರೆ ಪರಿಹಾರದ ಮೊತ್ತ ಕಡಿಮೆಯಾಗುತ್ತದೆ. ಇದು 1987ರ ಪೋಲ್ಕಿ ತೀರ್ಪಿನ ಫಲ.

‘ಕಂಪನಿಯೊಳಗಿನ ಮೇಲ್ಮನವಿ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಸಲಹೆ ನಮ್ಮವರ ನಡುವೆ ಬಹಳ ಓಡಾಡುತ್ತದೆ. ಇದರಷ್ಟು ದುಬಾರಿ ಸಲಹೆ ಇನ್ನೊಂದಿಲ್ಲ. ನ್ಯಾಯಮಂಡಳಿಗೆ ದೂರು ಕೊಡುವ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಕೆಲಸ ಕೊನೆಗೊಂಡ ದಿನದಿಂದಲೇ ಎಣಿಕೆ. ಮಾರ್ಚ್ 10ರಂದು ಕೆಲಸ ಹೋದರೆ ಜೂನ್ 9 ಕೊನೆ. ಒಳಗಿನ ಮೇಲ್ಮನವಿ ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಏಕಾಸ್ ಎಂಬ ಸಂಧಾನ ಸಂಸ್ಥೆಗೆ ಕೊಡುವ ಸೂಚನೆ. 2014ರಿಂದ ಹೆಚ್ಚಿನ ದೂರುಗಳಿಗೆ ಅದು ಕಡ್ಡಾಯವೂ ಹೌದು. ಹೊಸ ಕಾಯ್ದೆಯಲ್ಲಿ ಗಡುವನ್ನು ಆರು ತಿಂಗಳಿಗೆ ಏರಿಸುವ ಅಂಶವಿದೆ, ಆದರೆ ಅದು ತಮ್ಮ ಪ್ರಕರಣಕ್ಕೆ ಅನ್ವಯಿಸುತ್ತದೆಂದು ಖಾತ್ರಿಯಾಗದೆ ಯಾರೂ ಕಾಯುತ್ತ ಕೂರಬಾರದು. ತಡವಾದರೆ ವಜಾ ಪ್ರಕರಣದಲ್ಲಿ ಕ್ಷಮೆ ಸಿಗುವುದು ತೀರಾ ಕಷ್ಟ. ಊರಲ್ಲಿ ತಂದೆಗೆ ಹುಷಾರಿಲ್ಲವೆಂದು ವಿಮಾನ ಹತ್ತಿದವರೂ ಆ ಏಕಾಸ್ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಿಯೇ ಹೊರಡಬೇಕು.

ಇನ್ನು ದುಡ್ಡಿನ ಮಾತು. ಬ್ಯಾರಿಸ್ಟರ್ ಸಿಗಬೇಕಾದರೆ ಮೊದಲು ಸಾಲಿಸಿಟರ್ ಎಂಬ ಇನ್ನೊಂದು ಬಗೆಯ ವಕೀಲರನ್ನು ಹಿಡಿಯಲೇಬೇಕು ಎಂಬುದು ಹಳೆಯ ಮಾತು. 2004ರಿಂದ ಸಾರ್ವಜನಿಕರೇ ನೇರವಾಗಿ ಹಲವು ಬ್ಯಾರಿಸ್ಟರ್‌ಗಳನ್ನು ನೇಮಿಸಿಕೊಳ್ಳಬಹುದು. ಪೂರ್ತಿ ಪ್ರಕರಣ ಒಪ್ಪಿಸಬೇಕೆಂದೂ ಇಲ್ಲ. ಒಂದು ಅಭಿಪ್ರಾಯಕ್ಕೆ, ಅರ್ಜಿಯ ಕರಡಿಗೆ, ಒಂದು ದಿನದ ಹಾಜರಿಗೆ ಬೇಕಾದಷ್ಟೇ ಶುಲ್ಕ ಕೊಡಬಹುದು. ಯೂನಿಯನ್ ಸದಸ್ಯತ್ವವೋ ಮನೆಯ ವಿಮೆಯ ಜೊತೆ ಬಂದ ಕಾನೂನು ವೆಚ್ಚದ ರಕ್ಷಣೆಯೋ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಇದ್ದೂ ಮರೆತವರಿದ್ದಾರೆ. 1972ರಲ್ಲಿ ಶುರುವಾದ ಫ್ರೀ ರೆಪ್ರೆಸೆಂಟೇಶನ್ ಯೂನಿಟ್ ಉಚಿತವಾಗಿ ವಾದಿಸುತ್ತದೆ. ವಕೀಲರಿಲ್ಲದೆಯೂ ಹೋಗಬಹುದು. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಎದುರು ಪಕ್ಷದ ಒಪ್ಪಿಗೆ, ನ್ಯಾಯಮಂಡಳಿಯ ಅನುಮತಿ ಎರಡೂ ಇಲ್ಲದೆ ವಕೀಲರು ಹಾಜರಾಗುವಂತಿರಲಿಲ್ಲ. ಅಲ್ಲಿ ಆ ನಿರ್ಬಂಧ ಇಲ್ಲ, ವಕೀಲರು ಬೇಕೇಬೇಕೆಂಬ ನಿಯಮವೂ ಇಲ್ಲ.

ದೂರು ಸಲ್ಲಿಸಲು ಶುಲ್ಕವೂ ಇಲ್ಲ. 2013ರಲ್ಲಿ ಸರ್ಕಾರ 1,200 ಪೌಂಡ್‌ವರೆಗೆ ಶುಲ್ಕ ಹಾಕಿತ್ತು. ದೂರುಗಳು ಸುಮಾರು ಮೂರನೇ ಎರಡರಷ್ಟು ಕುಸಿದವು. ಯೂನಿಸನ್ ಎಂಬ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ಜುಲೈ 26ರಂದು ಆ ಶುಲ್ಕವೇ ಕಾನೂನುಬಾಹಿರ ಎಂದು ತೀರ್ಪು ಬಂತು. ಕಟ್ಟಿಸಿಕೊಂಡ ಹಣವನ್ನು ಸರ್ಕಾರ ಹಿಂದಿರುಗಿಸಬೇಕಾಯಿತು. ಸೋತವರು ಗೆದ್ದವರ ಖರ್ಚು ಕಟ್ಟಬೇಕೆಂಬ ಭಯವೂ ಇಲ್ಲಿ ಬಹುಮಟ್ಟಿಗೆ ಸಲ್ಲದು. ಸಾಮಾನ್ಯವಾಗಿ ಅವರವರ ಖರ್ಚು ಅವರವರಿಗೆ. ಗೆದ್ದರೂ ವಕೀಲರ ಶುಲ್ಕ ವಾಪಸ್ ಬರುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಕೋಟಿಗಟ್ಟಲೆ ಪರಿಹಾರದ ಕನಸು ಬಿಡುವುದೇ ಒಳ್ಳೆಯದು. ವಜಾ ಪ್ರಕರಣದಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ನಿಜವಾದ ಸಂಬಳ ನಷ್ಟ. ಎರಡೇ ತಿಂಗಳಲ್ಲಿ ಅಷ್ಟೇ ಸಂಬಳದ ಕೆಲಸ ಸಿಕ್ಕಿದರೆ ನಷ್ಟವೂ ಅಲ್ಲಿಗೆ ನಿಲ್ಲುತ್ತದೆ. ಮನಸ್ಸಿಗಾದ ನೋವಿಗೆ ಹಣ ಸಿಗುವುದು ತಾರತಮ್ಯದ ಪ್ರಕರಣದಲ್ಲಿ, ಬರೀ ವಜಾದಲ್ಲಿ ಅಲ್ಲ.

‘ಅವರು ಕಂಪನಿ ಕಡೆಯ ವಕೀಲರು, ಅವರಿಂದ ನ್ಯಾಯ ಸಿಗುವುದೇ?’ ಎಂದು ಅನುಮಾನಿಸುವವರಿದ್ದಾರೆ. ಬ್ಯಾರಿಸ್ಟರ್‌ಗಳಿಗೆ ಸರತಿಯ ನಿಯಮವೊಂದಿದೆ: ಸಾಲಿಸಿಟರ್ ಮೂಲಕ ಬಂದ, ತಮ್ಮ ಪರಿಣತಿಗೆ ಒಳಪಟ್ಟ ಪ್ರಕರಣವನ್ನು ಕಕ್ಷಿದಾರರು ಇಷ್ಟವಿಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಶುಲ್ಕದ ಪ್ರಕರಣದಲ್ಲಿ ಕಾರ್ಮಿಕ ಸಂಘದ ಪರ ವಾದಿಸಿ ಗೆದ್ದ ಡೈನಾ ರೋಸ್ ಅವರೇ ಮುಂದೆ ಊಬರ್ ಕಂಪನಿಯ ಪರ ಸುಪ್ರೀಂ ಕೋರ್ಟಿನಲ್ಲಿ ನಿಂತರು. 2021ರ ಫೆಬ್ರುವರಿಯಲ್ಲಿ ಆ ಪ್ರಕರಣ ಚಾಲಕರ ಪರವಾಯಿತು. ಒಪ್ಪಂದದ ಕಾಗದ ಏನೇ ಹೇಳಲಿ, ದುಡಿಮೆ ನಿಜವಾಗಿ ಹೇಗೆ ನಡೆಯುತ್ತದೆಂದು ನೋಡಬೇಕು ಎಂದಿತು ಕೋರ್ಟು. ಇಬ್ಬರ ಪರವೂ ನಿಲ್ಲುವವರಿಗೆ ಎದುರಿನವರು ಎಲ್ಲಿ ಎಡವುತ್ತಾರೆಂದು ಗೊತ್ತಿರುತ್ತದೆ. ಹಾಗೆಂದು ಸಾಕ್ಷಿಗೆ ಉತ್ತರ ಬಾಯಿಪಾಠ ಮಾಡಿಸುತ್ತಾರೆಂದು ನಿರೀಕ್ಷಿಸಬಾರದು. ಅದು ವೃತ್ತಿನಿಯಮದ ಉಲ್ಲಂಘನೆ. ವಿಚಾರಣೆ ಹೇಗೆ ನಡೆಯುತ್ತದೆಂದು ತಿಳಿಸಬಹುದು, ಏನು ಹೇಳಬೇಕೆಂದು ಕಲಿಸುವಂತಿಲ್ಲ.

ಕೊನೆಯದಾಗಿ, ‘ವೀಸಾ ಮೇಲೆ ಬಂದವರಿಗೆ ಹಕ್ಕು ಕೇಳುವ ಬಾಯಿಲ್ಲ’ ಎಂಬ ಮಾತು. ಇದು ಸುಳ್ಳು, ಈ ಸುಳ್ಳಿನ ಮೇಲೆ ಶೋಷಣೆ ಬೆಳೆಯುತ್ತದೆ. ಕೆಲಸ ಹೋದ ಮೇಲೆ ಹೊಸ ಪ್ರಾಯೋಜಕರನ್ನು ಹುಡುಕಲು ಗೃಹ ಇಲಾಖೆ ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಆ ಆತಂಕ ದೊಡ್ಡದೇ. ಆದರೆ ಕೆಲಸದ ಹಕ್ಕುಗಳು ಪಾಸ್‌ಪೋರ್ಟ್ ನೋಡಿ ಬರುವುದಿಲ್ಲ. ನೈಜೀರಿಯಾದಿಂದ ಕರೆತಂದು ಪರವಾನಗಿಯಿಲ್ಲದೆ ಮನೆಗೆಲಸಕ್ಕಿಟ್ಟಿದ್ದ ಹುಡುಗಿಯೊಬ್ಬಳ ತಾರತಮ್ಯದ ದೂರನ್ನು ಆ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಭಾರತದ ಆದಿವಾಸಿ ಮಹಿಳೆಯೊಬ್ಬರ ಪ್ರಕರಣದಲ್ಲಿ, ಇಂಗ್ಲೆಂಡಿನ ಸಮಾನತೆ ಕಾಯ್ದೆಯಲ್ಲಿ ಜಾತಿ ಎಂಬ ಪದ ಪ್ರತ್ಯೇಕವಾಗಿ ಜಾರಿಯಲ್ಲಿಲ್ಲದಿದ್ದರೂ ಜಾತಿಯ ಕಾರಣದ ಕೀಳು ವರ್ತನೆ ಜನಾಂಗೀಯ ಮೂಲದಡಿ ಬರಬಹುದು ಎಂದು ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತು. ಮಿಲ್ಟನ್ ಕೀನ್ಸ್‌ನ ಮನೆಯೊಂದರಲ್ಲಿ ಆಕೆ ವಾರದ ಏಳೂ ದಿನ, ದಿನಕ್ಕೆ 18 ಗಂಟೆ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದರು. ಮಲಗಲು ನೆಲದ ಮೇಲೊಂದು ಫೋಮ್ ಹಾಸಿಗೆ. 2015ರಲ್ಲಿ ಕನಿಷ್ಠ ವೇತನದ ಬಾಕಿಯೆಂದೇ ಅವರಿಗೆ 1,83,000 ಪೌಂಡ್‌ಗೂ ಹೆಚ್ಚು ಹಣ ಕೊಡಬೇಕೆಂದು ಆದೇಶವಾಯಿತು.