ಹನ್ನೆರಡು ತಿಂಗಳೂ ಆಡಿದ ಜೆಸ್

ಸ್ವಿಟ್ಜರ್ಲೆಂಡ್‌ನ ಸೇಂಟ್ ಗ್ಯಾಲೆನ್, 2025ರ ಜುಲೈ 9. ಮಹಿಳೆಯರ ಯೂರೋ ಕಪ್‌ನಲ್ಲಿ ಬಲಿಷ್ಠ ಫ್ರಾನ್ಸ್ ಆಗಲೇ ಒಂದು ಗೋಲು ಹೊಡೆದಿತ್ತು. 13ನೇ ನಿಮಿಷದಲ್ಲಿ ವೇಲ್ಸ್‌ನ ಜೆಸ್ ಫಿಶ್‌ಲಾಕ್ ಚೆಂಡನ್ನು ಬಲೆಗೆ ಸೇರಿಸಿದರು. ಆದರೆ ಪಕ್ಕದಲ್ಲಿ ಬಾವುಟ ಮೇಲೆದ್ದಿತು: ಆಫ್‌ಸೈಡ್! ಸಂಭ್ರಮ ಗಂಟಲಲ್ಲೇ ಉಳಿಯಿತು. ವಿಡಿಯೊ ರೆಫರಿ ಮತ್ತೆ ನೋಡಿ, ಗೋಲು ಸರಿ ಎಂದರು. ದೊಡ್ಡ ಟೂರ್ನಿಯೊಂದರಲ್ಲಿ ವೇಲ್ಸ್ ಮಹಿಳಾ ತಂಡ ಹೊಡೆದ ಮೊಟ್ಟಮೊದಲ ಗೋಲು ಅದು. ಹೊಡೆದವರಿಗೆ ಆಗ 38 ವರ್ಷ. ಮಹಿಳೆಯರ ಯೂರೋದಲ್ಲಿ ಅಷ್ಟು ವಯಸ್ಸಿನಲ್ಲಿ ಅದುವರೆಗೆ ಯಾರೂ ಗೋಲು ಗಳಿಸಿರಲಿಲ್ಲ.

ಪಂದ್ಯವನ್ನು ವೇಲ್ಸ್ 1–4ರಿಂದ ಸೋತಿತು. ಆ ಒಂದು ಗೋಲು ಮಾತ್ರ ಉಳಿಯಿತು.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಕೂತು ಈ ಕತೆ ಓದುವವರಿಗೆ ವೇಲ್ಸ್ ತೀರಾ ದೂರದ ನಾಡೇನಲ್ಲ. 1880ರಲ್ಲಿ ಇಲ್ಲಿಗೆ ಬಂದು ಚಿನ್ನದ ಗಣಿ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮನೆತನಕ್ಕೆ ಉತ್ತರ ವೇಲ್ಸ್‌ನ ಸೀಸದ ಗಣಿಗಳ ನಂಟಿತ್ತು. ವೇಲ್ಸ್‌ನ ಕಲ್ಲಿದ್ದಲ ಕಣಿವೆಗಳಂತೆಯೇ ಇದೂ ಗಣಿ ಊರು. ಶಿಫ್ಟಿನ ಲೆಕ್ಕದಲ್ಲಿ ಬದುಕಿದ ಜನ, ಸಾಲುಸಾಲು ಲೈನ್ ಮನೆಗಳು, ಅವುಗಳ ನಡುವಿನ ಬಯಲು. ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು, ಬಯಲೂ ಉಳಿಯಿತು. ಆ ಬಯಲಲ್ಲಿ ಚೆಂಡು ಒದೆಯುವ ಹುಡುಗಿಯೊಬ್ಬಳಿಗೆ ಫಿಶ್‌ಲಾಕ್ ಅವರ ಜೀವನದಿಂದ ಸಿಗುವುದು ಬರೀ ಹುರುಪಲ್ಲ, ಒಂದು ಲೆಕ್ಕವೂ ಹೌದು: ಆಟಗಾರ್ತಿ ಬೆಳೆಯಬೇಕಾದರೆ ವರ್ಷಕ್ಕೆ ಎಷ್ಟು ಪಂದ್ಯ ಆಡಬೇಕು?

ಫಿಶ್‌ಲಾಕ್ ಹುಟ್ಟಿದ್ದು 1987ರ ಜನವರಿ 14ರಂದು, ಕಾರ್ಡಿಫ್‌ನಲ್ಲಿ. ಬೆಳೆದದ್ದು ಅಲ್ಲಿನ ಲ್ಯಾನ್‌ರಮ್ನಿ ಬಡಾವಣೆಯಲ್ಲಿ. ಆಗ ವೇಲ್ಸ್‌ಗೆ ಅಧಿಕೃತ ಮಹಿಳಾ ತಂಡವೇ ಇರಲಿಲ್ಲ. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ಮಹಿಳೆಯರಿಗೆ ತನ್ನ ಕ್ಲಬ್‌ಗಳ ಮೈದಾನಗಳ ಬಾಗಿಲು ಮುಚ್ಚಿತ್ತು. ಮರುವರ್ಷ ವೇಲ್ಸ್ ಕೂಡ ಅದೇ ಹಾದಿ ಹಿಡಿಯಿತು. 1990ರ ದಶಕದ ಆರಂಭದಲ್ಲಿ ಲಾರಾ ಮ್ಯಾಕ್‌ಅಲಿಸ್ಟರ್, ಮಿಷೆಲ್ ಆಡಮ್ಸ್, ಕ್ಯಾರೆನ್ ಜೋನ್ಸ್ ಎಂಬ ಮೂವರು ಆಟಗಾರ್ತಿಯರು ವೇಲ್ಸ್ ಸಂಸ್ಥೆಯ ಬೆನ್ನು ಬಿದ್ದ ಮೇಲೆ, 1993ರಲ್ಲಿ ಮಹಿಳಾ ತಂಡಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿತು. ಅದೇ ಲಾರಾ 2023ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಉಪಾಧ್ಯಕ್ಷೆಯಾದರು.

ತಂಡವೇನೋ ಹುಟ್ಟಿತು, ಸಂಬಳ ಕೊಟ್ಟು ಆಡಿಸುವ ಲೀಗ್ ಹುಟ್ಟಲಿಲ್ಲ. 2006ರಲ್ಲಿ ವೇಲ್ಸ್ ಪರ ಮೊದಲ ಪಂದ್ಯ ಆಡಿದ ಫಿಶ್‌ಲಾಕ್, ಆಡುವುದೇ ಕಸುಬಾಗಬೇಕೆಂದು ಗಂಟುಮೂಟೆ ಕಟ್ಟಿದರು. 2008ರಲ್ಲಿ ನೆದರ್‌ಲೆಂಡ್ಸ್‌ನ ಎಝಡ್ ಅಲ್ಕ್‌ಮಾರ್ ಸೇರಿ ಎರಡು ಲೀಗ್ ಪ್ರಶಸ್ತಿ ಗೆದ್ದರು. ಆಮೇಲೆ ಇಂಗ್ಲೆಂಡ್‌ನ ಬ್ರಿಸ್ಟಲ್, ಅಲ್ಲಿಂದ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಕ್ಟರಿ. 2013ರಲ್ಲಿ ಅಮೆರಿಕದ ಹೊಸ ಲೀಗ್ ಶುರುವಾದಾಗ ಸಿಯಾಟಲ್ ರೈನ್ ತಂಡಕ್ಕೆ ಬಂದರು. ಅದೇ ಅವರ ಮನೆಯಾಯಿತು.

ಮನೆ ಅಂದರೂ ವರ್ಷಪೂರ್ತಿ ಅಲ್ಲಿರಲಿಲ್ಲ. ಅಮೆರಿಕದ ಲೀಗ್ ವಸಂತದಲ್ಲಿ ಶುರುವಾಗಿ ಶರತ್ಕಾಲಕ್ಕೆ ಮುಗಿಯುತ್ತದೆ. ಆಸ್ಟ್ರೇಲಿಯಾದ ಲೀಗ್ ಶುರುವಾಗುವುದೇ ಆಗ. ಒಂದು ಕಡೆ ಸೀಸನ್ ಮುಗಿದರೆ ಬೂಟು ಚೀಲಕ್ಕೆ ಹಾಕಿ ಇನ್ನೊಂದು ಕಡೆಗೆ ವಿಮಾನ ಹತ್ತುವುದು. ಹೀಗೆ ಸಾಲದ ಮೇಲೆ, ಅಂದರೆ ಕೆಲವು ತಿಂಗಳ ಮಟ್ಟಿಗೆ, ಗ್ಲಾಸ್ಗೊ ಸಿಟಿ, ಫ್ರಾಂಕ್‌ಫರ್ಟ್, ಮೆಲ್ಬರ್ನ್ ಸಿಟಿ, ಲಿಯಾನ್ ತಂಡಗಳಿಗೆ ಆಡಿದರು. ಮೆಲ್ಬರ್ನ್‌ನಲ್ಲಿ ಆಡುತ್ತಲೇ ತರಬೇತಿಯನ್ನೂ ಕೊಟ್ಟರು. 2019ರ ಜುಲೈನಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಆಗ ವಯಸ್ಸು 32. ಅನೇಕರ ಆಟ ಅಲ್ಲಿಗೇ ನಿಂತುಬಿಡುತ್ತದೆ. ಅವರು ಮರಳಿ ಬಂದು, 2021ರಲ್ಲಿ ಅಮೆರಿಕ ಲೀಗ್‌ನ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಎತ್ತಿದರು.

ದೇಶದ ಪರವೂ ಅಷ್ಟೇ ಹಟ. 2017ರಲ್ಲಿ ನೂರನೇ ಪಂದ್ಯ ಆಡಿದರು. ವೇಲ್ಸ್‌ನ ಗಂಡು, ಹೆಣ್ಣು ಎರಡೂ ತಂಡಗಳಲ್ಲಿ ಆ ಗಡಿ ಮುಟ್ಟಿದ ಮೊದಲಿಗರು ಅವರೇ. 2024ರಲ್ಲಿ ಹೆಲೆನ್ ವಾರ್ಡ್ ಅವರ 44 ಗೋಲುಗಳ ದಾಖಲೆ ಮುರಿದರು. ಇಷ್ಟಾದರೂ ದೊಡ್ಡ ಟೂರ್ನಿಯ ಬಾಗಿಲು ತೆರೆದದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಡಬ್ಲಿನ್‌ನಲ್ಲಿ ಐರ್ಲೆಂಡನ್ನು ಮಣಿಸಿದ ಮೇಲೆ. 2025ರ ಅಕ್ಟೋಬರ್ 25ರಂದು ಹುಟ್ಟೂರು ಕಾರ್ಡಿಫ್‌ನಲ್ಲೇ ಆಸ್ಟ್ರೇಲಿಯಾ ವಿರುದ್ಧ ಕೊನೆಯ ಬಾರಿ ವೇಲ್ಸ್ ಅಂಗಿ ತೊಟ್ಟರು. 166 ಪಂದ್ಯ, 48 ಗೋಲು.

ಯೂರೋದಲ್ಲಿ ವೇಲ್ಸ್ ಮೊದಲ ಪಂದ್ಯ ಆಡಿದ್ದು ಜುಲೈ 5ರಂದು. ಅದೇ ದಿನ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು, ಭಾರತ ಆತಿಥೇಯರನ್ನು 2–1ರಿಂದ ಸೋಲಿಸಿತು. ಅರ್ಹತಾ ಸುತ್ತು ಗೆದ್ದು ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್‌ಗೆ ಕಾಲಿಟ್ಟದ್ದು ಅದೇ ಮೊದಲು. ಹಾಗೆಂದು ನಾವು ಹೊಸಬರೇನಲ್ಲ. ಅರ್ಹತಾ ಸುತ್ತೇ ಇಲ್ಲದ ಕಾಲದಲ್ಲಿ, 1980ರ ಜನವರಿಯಲ್ಲಿ, ಕೋಳಿಕ್ಕೋಡ್‌ನಲ್ಲಿ ನಡೆದ ಏಷ್ಯಾ ಟೂರ್ನಿಯಲ್ಲಿ ಭಾರತ ರನ್ನರ್ ಅಪ್ ಆಗಿತ್ತು. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಪೀಳಿಗೆಯ ಆಟಗಾರ್ತಿ. ಅಲ್ಲಿಂದ ರಾಷ್ಟ್ರಮಟ್ಟದ ಮಹಿಳಾ ಲೀಗ್ ಶುರುವಾಗಲು 2017ರವರೆಗೆ ಕಾಯಬೇಕಾಯಿತು. ವೇಲ್ಸ್ ಕಳೆದುಕೊಂಡ ವರ್ಷಗಳನ್ನು ನಾವೂ ಕಳೆದುಕೊಂಡೆವು.

ಈ ರಾಷ್ಟ್ರೀಯ ಲೀಗ್‌ನಲ್ಲಿ ಕರ್ನಾಟಕಕ್ಕೂ ಜಾಗ ಸಿಕ್ಕಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಫೈನಲ್ ತನಕ ಹೋಗಿ, ಅಹಮದಾಬಾದ್‌ನಲ್ಲಿ ಗೋಕುಲಂ ಕೇರಳಕ್ಕೆ 0–5ರಿಂದ ಸೋತಿತು. ಮುಂದಿನ ಸೀಸನ್‌ನಲ್ಲಿ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂಬ ಪದ್ಧತಿ ಬಂದಿತು. ಏಳು ತಂಡ, ತಲಾ 12 ಪಂದ್ಯ. 2024–25ರಲ್ಲಿ ಎಂಟು ತಂಡ, ತಲಾ 14. ಅದೇ ಕಾಲಕ್ಕೆ ಇಂಗ್ಲೆಂಡ್ ಲೀಗ್‌ನಲ್ಲಿ 22, ಅಮೆರಿಕದಲ್ಲಿ 26. ಅಮೆರಿಕದ ಲೀಗ್ ಒಂದೇ ಸಾಲದೆಂದು ಫಿಶ್‌ಲಾಕ್ ಹಿಂದೆ ಇನ್ನೊಂದು ಖಂಡಕ್ಕೆ ಹಾರುತ್ತಿದ್ದರು. ನಮ್ಮಲ್ಲೂ ಹಾಗೆ ಹೊರಟವರಿದ್ದಾರೆ: 2015ರಲ್ಲಿ ವೆಸ್ಟ್ ಹ್ಯಾಮ್ ಸೇರಿದ ಗೋಲ್‌ಕೀಪರ್ ಅದಿತಿ ಚೌಹಾಣ್, 2020ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಸೇರಿದ ಬಾಲಾ ದೇವಿ, 2022ರಲ್ಲಿ ಸೈಪ್ರಸ್‌ಗೆ ಹೋದ ಮನೀಶಾ ಕಲ್ಯಾಣ್. ಆದರೆ ಅವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರಿಗೆ ಬೇಕಾದ್ದು ಇಲ್ಲಿಯೇ, ಜಿಲ್ಲೆಯಿಂದ ರಾಜ್ಯದವರೆಗೆ, ನಿಲ್ಲದೆ ನಡೆಯುವ ಲೀಗ್‌ಗಳು.

ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಮೇಲೆ ಬೆಂಗಳೂರು ಸೇರುತ್ತದೆ. ಗಣಿ ಮುಚ್ಚಿದ ಮೇಲೆ ಊರಿನ ಅನ್ನ ಈ ಹಳಿಯ ಮೇಲೇ ಓಡಾಡುತ್ತಿದೆ. ಸಾವಿರಾರು ಜನ ದಿನವೂ ಸುಮಾರು ನೂರು ಕಿಲೊಮೀಟರ್ ಹೋಗಿ ದುಡಿದು ಬರುತ್ತಾರೆ. ಹದಿನೈದರ ಹುಡುಗಿಯೊಬ್ಬಳು ಒಂದು ಒಳ್ಳೆಯ ಪಂದ್ಯಕ್ಕಾಗಿ ಅದೇ ರೈಲು ಹತ್ತಬೇಕು, ಕತ್ತಲಾಗುವ ಮುಂಚೆ ಮನೆಗೂ ಮರಳಬೇಕು. ಕೆಜಿಎಫ್‌ನ ಬಯಲಲ್ಲೇ ಹೆಣ್ಣುಮಕ್ಕಳ ಲೀಗೊಂದು ನಡೆದರೆ, ಅವಳ ಭಾನುವಾರ ರೈಲಿನಲ್ಲಿ ಕಳೆಯುವ ಬದಲು ಚೆಂಡಿನ ಹಿಂದೆ ಕಳೆಯುತ್ತದೆ.