ಬೆರಳು ಎಷ್ಟು ಮಡಚಿತು?

ಲಕ್ವ ಹೊಡೆದವರ ಚೇತರಿಕೆಯಲ್ಲಿ ಆಸ್ಪತ್ರೆಯ ಪಾಲು ಕಡಿಮೆ, ಮನೆಯ ಪಾಲು ಹೆಚ್ಚು. ಮಿದುಳಿನ ಒಂದು ಭಾಗ ಸತ್ತರೆ ಅದರ ಕೆಲಸವನ್ನು ಉಳಿದ ಭಾಗಗಳು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಅದಕ್ಕೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಊರಿಂದ ರೋಗಿಯನ್ನು ಬಸ್ಸು ಹತ್ತಿಸಿ ಮತ್ತೆ ಮತ್ತೆ ಚಿತ್ರದುರ್ಗಕ್ಕೆ ಫಿಸಿಯೋಥೆರಪಿಗೆ ಒಯ್ದರೆ, ಜೊತೆಗೆ ಹೋದವರ ಕೂಲಿಯೂ ಹೋಯಿತು.

ಹಾಗಾದರೆ ಮನೆಯಲ್ಲೇ ವ್ಯಾಯಾಮ ಮಾಡಿಸಿ, ಎಣಿಸಲು ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿದರೆ ಸಾಲದೆ? ಅದರೊಳಗಿನ ಆಕ್ಸೆಲೆರೊಮೀಟರಿನಲ್ಲಿ ಸೂಕ್ಷ್ಮ ಸಿಲಿಕಾನ್ ತುಣುಕೊಂದು ನೇತಾಡುತ್ತಿರುತ್ತದೆ. ಕೈ ಅಲುಗಿದರೆ ಅದು ಜರುಗುತ್ತದೆ, ಆ ಜರುಗಾಟ ವಿದ್ಯುತ್ ಸಂಕೇತವಾಗುತ್ತದೆ. ಕೈ ಎಷ್ಟು ಸಲ ಮೇಲೇರಿತೆಂದು ಲೆಕ್ಕ ಸಿಕ್ಕೀತು. ಆದರೆ ಭುಜ ಏಳದಿದ್ದಾಗ ರೋಗಿ ಸೊಂಟ ವಾಲಿಸಿ ತೋಳನ್ನು ಮೇಲೆತ್ತುತ್ತಾನೆ. ಗಡಿಯಾರ ಅದನ್ನೂ ಎಣಿಸಿಬಿಡುತ್ತದೆ! ಎದುರಿಗಿದ್ದ ಫಿಸಿಯೋಥೆರಪಿಸ್ಟ್ ಆಗಿದ್ದರೆ ತಕ್ಷಣ ಗದರುತ್ತಿದ್ದರು. ಎದೆಗೂ ಒಂದು ಸಂವೇದಕ ಕಟ್ಟಿ ಎರಡನ್ನೂ ಹೋಲಿಸಿದರೆ ಈ ವಾಲಾಟ ಬಯಲಾಗುತ್ತದೆ.

ಬೆರಳುಗಳದ್ದು ಇನ್ನೂ ನಾಜೂಕಿನ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅವೀಕ್ ಬಿಡ್ ಅವರ ತಂಡ 2022ರಲ್ಲಿ ಪ್ರಕಟಿಸಿದ ಕೈಗವಸು ನನಗೆ ಹಿಡಿಸಿದ್ದು ಇದಕ್ಕೇ. 3ಡಿ ಮುದ್ರಣದಲ್ಲಿ ರೋಗಿಯ ಕೈಯಳತೆಗೇ ತಯಾರಾಗುವ ಮೆತ್ತನೆಯ, ಪಾರದರ್ಶಕ ಪಾಲಿಮರ್ ಅದು. ಒಂದು ತುದಿಯಿಂದ ಎಲ್‌ಇಡಿ ಬೆಳಕು ಹಾಯುತ್ತದೆ. ಬೆರಳು ಮಡಚಿದಂತೆ ಇನ್ನೊಂದು ತುದಿಗೆ ಬರುವ ಬೆಳಕು ಬದಲಾಗುತ್ತದೆ. ಹೀಗೆ ಒಂದೊಂದು ಗೆಣ್ಣಿನ ಬಾಗನ್ನೂ ಬೇರೆಯಾಗಿ ಅಳೆಯಬಹುದು. ಬೆಲೆ ಸಾವಿರ ರೂಪಾಯಿಗೂ ಕಡಿಮೆಯಾದೀತೆಂದು ತಂಡದ ಅಂದಾಜಿತ್ತು.

ಈ ಅಳತೆಗಳು ದೂರದ ಫಿಸಿಯೋಥೆರಪಿಸ್ಟಿಗೆ ತಲುಪಬೇಕಲ್ಲ, ನೆಟ್‌ವರ್ಕ್ ಸಿಗದ ಊರಿನ ಗತಿ? ವಿಡಿಯೋ ಕಳಿಸಬೇಕಾದರೆ ಕಷ್ಟವೇ. ಚಲನೆಯ ಅಂಕಿಗಳಾದರೆ ಬಲು ಹಗುರ. ಸೆಕೆಂಡಿಗೆ 50 ಸಲ, ಪ್ರತಿ ಸಲ ಆರು ಅಳತೆ, ಒಂದಕ್ಕೆ ಎರಡು ಬೈಟ್ ಎಂದರೆ ಅರ್ಧ ಗಂಟೆಯ ವ್ಯಾಯಾಮ ಸುಮಾರು ಒಂದು ಎಂಬಿ. ಬ್ಲೂಟೂತಿನಲ್ಲಿ ಫೋನಿಗೆ ಇಳಿಸಿಟ್ಟರೆ ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ.

ನೋವನ್ನು ಮಾತ್ರ ಯಾವ ಸಂವೇದಕವೂ ಅಳೆಯದು. ಮಡಚುವುದು ಏಕಾಏಕಿ ಕಡಿಮೆಯಾದರೆ ಅದು ಸೋಮಾರಿತನವೋ, ಭುಜದ ನೋವೋ, ಎರಡನೇ ಸಲ ಲಕ್ವ ಹೊಡೆದದ್ದೋ ಎಂದು ತಿಳಿಯಲು ಅತ್ತಲಿಂದ ಒಬ್ಬರು ಫೋನ್ ಮಾಡಿ ಕೇಳಲೇಬೇಕು. ಆ ಕೆಲಸಕ್ಕೂ ಸಂಬಳ ಕೊಟ್ಟು ಜನರನ್ನು ಇಡಬೇಕಾಗುತ್ತದೆ.